ಕ್ಯಾಮೆರಾ ಆರ್ಡರ್ ಮಾಡಿ ಎರಡು ವಾರ ಆಯ್ತು, ಮದುವೆ ಹತ್ತಿರ ಬಂತು: ಕಾಯಲೋ, ಕ್ಯಾನ್ಸಲ್ ಮಾಡಲೋ?

ಪ್ರಶ್ನೆ: ನಮಸ್ಕಾರ ಸರ್. ನಾನು ಸಿಂಧನೂರಿನಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಕೆಲಸಕ್ಕೆ ಯಾರೂ ಇಲ್ಲ, ನಾನೊಬ್ಬನೇ. ಹೊಸದಾಗಿ ಬಂದ ಮಿರರ್‌ಲೆಸ್ ಕ್ಯಾಮೆರಾ ಒಂದನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಎರಡು ವಾರ ಆಯ್ತು. 72,000 ರೂಪಾಯಿ, ಕ್ರೆಡಿಟ್ ಕಾರ್ಡ್ ಇಎಂಐ. ಐದು ದಿನದಲ್ಲಿ ಬರುತ್ತೆ ಅಂತ ತೋರಿಸಿತ್ತು. ಆಮೇಲೆ ಮೂರು ಸಲ ತಾರೀಖು ಮುಂದಕ್ಕೆ ಹೋಯ್ತು. ಟ್ರ್ಯಾಕಿಂಗ್‌ನಲ್ಲಿ ಬೆಂಗಳೂರು, ಹೈದರಾಬಾದ್, ರಾಯಚೂರು ಅಂತ ಬಂತು. ಮತ್ತೆ ಹೈದರಾಬಾದ್ ಅಂತು. ಈಗ ಮತ್ತೆ ರಾಯಚೂರು. ನಿನ್ನೆ ‘ಗ್ರಾಹಕರು ಸಿಗಲಿಲ್ಲ’ ಅಂತ ಮೆಸೇಜ್. ನಾನು ಇಡೀ ದಿನ ಸ್ಟುಡಿಯೋದಲ್ಲೇ ಇದ್ದೆ, ಒಂದು ಫೋನೂ ಬಂದಿಲ್ಲ. ಮುಂದಿನ ವಾರ ಕಾರಟಗಿಯಲ್ಲಿ ಮದುವೆ ಆರ್ಡರ್ ಇದೆ. ಕಾಯಲೋ, ಕ್ಯಾನ್ಸಲ್ ಮಾಡಲೋ? ಮದುವೆ ಆರ್ಡರ್ ಕೈ ತಪ್ಪಿದರೆ ಆ ನಷ್ಟ ಯಾರು ಕೊಡ್ತಾರೆ? ನಮ್ಮ ಕಡೆಗೆ ಮಾತ್ರ ಯಾಕೆ ಹೀಗೆ?

ಉತ್ತರ: ಇವತ್ತು ಕ್ಯಾನ್ಸಲ್ ಬಟನ್ ಒತ್ತಬೇಡಿ. ಸಿಟ್ಟು ಬಂದಿರೋದು ಸಹಜ, ಬರಲೇಬೇಕು. ಆದರೆ ನಿಮ್ಮ ಪಾರ್ಸೆಲ್ ಈಗ ರಾಯಚೂರಿನಲ್ಲಿದೆ, ನಿಮ್ಮ ಊರಿಗೆ ಅದು ಕೊನೇ ಮೆಟ್ಟಿಲು. ಇಲ್ಲಿಂದ ಕ್ಯಾನ್ಸಲ್ ಮಾಡಿದರೆ ಅದು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತದೆ. ಬಹಳ ಕಡೆ ಪಾರ್ಸೆಲ್ ಮಾರಾಟಗಾರನ ಗೋದಾಮು ಮುಟ್ಟಿದ ಮೇಲೆಯೇ ದುಡ್ಡು ಬಿಡುತ್ತಾರೆ. ಅಲ್ಲಿಯವರೆಗೆ ಕ್ಯಾಮೆರಾನೂ ಇಲ್ಲ, ದುಡ್ಡೂ ಇಲ್ಲ, ಇಎಂಐ ಮಾತ್ರ ನಡೆಯುತ್ತಿರುತ್ತದೆ.

ಒಂದು ವೇಳೆ ಟ್ರ್ಯಾಕಿಂಗ್‌ನಲ್ಲಿ ‘ರಿಟರ್ನ್ ಟು ಒರಿಜಿನ್’ ಅಥವಾ ‘ಆರ್‌ಟಿಒ’ ಅಂತ ಕಂಡರೆ ಮಾತು ಬೇರೆ. ಆಗ ಕಾಯಬೇಡಿ. ವಾಪಸ್ ಹೊರಟ ಪಾರ್ಸೆಲ್ಲನ್ನು ನಡುದಾರಿಯಲ್ಲಿ ತಿರುಗಿಸುವುದು ತುಂಬಾ ಕಷ್ಟ. ಆ ದಿನವೇ ರಿಫಂಡ್ ಕೇಳಿ ಲಿಖಿತವಾಗಿ ಬರೆಯಿರಿ.

ಈಗ ಒಂದು ಕೆಲಸ, ಇದನ್ನು ಓದಿ ಮುಗಿಸುವ ಮೊದಲೇ ಮಾಡಿ. ‘ಐದು ದಿನದಲ್ಲಿ ಬರುತ್ತೆ ಅಂತ ತೋರಿಸಿತ್ತು’ ಅಂತ ಬರೆದಿದ್ದೀರಲ್ಲ, ಆ ತಾರೀಖು ನಿಮ್ಮ ಕೈಯಲ್ಲಿ ಸಾಕ್ಷಿಯಾಗಿ ಇದೆಯಾ ನೋಡಿಕೊಳ್ಳಿ. ಆ್ಯಪ್‌ನಲ್ಲಿ ಹುಡುಕಬೇಡಿ. ತಾರೀಖು ಮುಂದಕ್ಕೆ ಹೋದಾಗ ಆ್ಯಪ್ ಹಳೆಯದನ್ನು ಅಳಿಸಿ ಹೊಸದನ್ನು ತೋರಿಸುತ್ತದೆ. ಆರ್ಡರ್ ಮಾಡಿದ ಗಳಿಗೆಯಲ್ಲಿ ಬಂದ ಇಮೇಲ್ ಅಥವಾ ಎಸ್ಸೆಮ್ಮೆಸ್‌ನಲ್ಲಿ ಮೊದಲ ತಾರೀಖು ಹಾಗೇ ಇರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಖು ಮುಂದೆ ಹಾಕಿದ ಮೂರೂ ಮೆಸೇಜು, ನಿನ್ನೆಯ ‘ಸಿಗಲಿಲ್ಲ’ ಮೆಸೇಜು, ಕಾಲ್ ಲಿಸ್ಟ್‌ನಲ್ಲಿ ನಿನ್ನೆ ಯಾರ ಫೋನೂ ಬಂದಿಲ್ಲ ಅನ್ನೋ ಪುಟ, ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಹಾಕಿ. ನಿಮ್ಮ ಪೂರ್ತಿ ಹಕ್ಕು ನಿಂತಿರುವುದು ಆ ಮೊದಲ ತಾರೀಖಿನ ಮೇಲೆ.

ಯಾಕೆ ಅಂದರೆ, 2019ರ ಗ್ರಾಹಕರ ರಕ್ಷಣಾ ಕಾಯ್ದೆಯ ಕೆಳಗೆ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದಿವೆ. ಹೇಳಿದ ಸಮಯಕ್ಕಿಂತ ತಡವಾಗಿ ಸರಕು ಬಂದರೆ, ಅದನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅಂತ ಮಾರಾಟಗಾರ ಹೇಳುವಂತಿಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದೆ. ಪ್ರವಾಹ, ಭೂಕಂಪದಂಥ ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ತಡವಾದರೆ ಮಾತ್ರ ವಿನಾಯಿತಿ. ಹಬ್‌ನಲ್ಲಿ (ಪಾರ್ಸೆಲ್ ವಿಂಗಡಿಸುವ ಕೇಂದ್ರದಲ್ಲಿ) ಲೋಡ್ ಜಾಸ್ತಿ ಇತ್ತು, ಹುಡುಗ ರಜಾ ಹಾಕಿದ್ದ, ಪಾರ್ಸೆಲ್ ಬೇರೆ ಕಡೆ ಹೋಗಿತ್ತು, ಇವೆಲ್ಲ ಆ ವಿನಾಯಿತಿಯೊಳಗೆ ಬರುವ ಮಾತೇ ಅಲ್ಲ. ಅಂದರೆ ಇನ್ನೆರಡು ದಿನ ಕಾದು ಪಾರ್ಸೆಲ್ ತಗೊಂಡರೂ, ತಗೊಳ್ಳದೆ ದುಡ್ಡು ಕೇಳಿದರೂ ನಿಮ್ಮ ಕಡೆ ನ್ಯಾಯ ಇದೆ. ಅದಕ್ಕೇ ಇವತ್ತೇ ಅವಸರ ಬೇಡ ಅಂದದ್ದು.

ಇನ್ನು ನಮ್ಮ ಕಡೆಗೆ ಮಾತ್ರ ಯಾಕೆ ಹೀಗೆ ಅನ್ನೋದು. ಈ ಪ್ರಶ್ನೆ ನನಗೆ ಮಾನ್ವಿಯಿಂದ, ಮಸ್ಕಿಯಿಂದ, ಕುಷ್ಟಗಿಯಿಂದ ಬರುತ್ತಲೇ ಇರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಪಿನ್ ಕೋಡ್ 584128. ಮೊದಲ 5 ಅಂದರೆ ಆಂಧ್ರ, ತೆಲಂಗಾಣ, ಕರ್ನಾಟಕ. 58 ಅಂದರೆ ಉತ್ತರ ಕರ್ನಾಟಕ. 584 ರಾಯಚೂರು ಸಾಲು, ಕೊನೆಯ 128 ನಿಮ್ಮ ಸಿಂಧನೂರು. ಇದು ಅಂಚೆ ಇಲಾಖೆ 1972ರಲ್ಲಿ ಕಾಗದ ವಿಂಗಡಿಸಲು ಮಾಡಿದ ವ್ಯವಸ್ಥೆ. ಆಮೇಲೆ ಜಿಲ್ಲೆಗಳು ಒಡೆದವು. 1997ರಲ್ಲಿ ಕೊಪ್ಪಳ ಬೇರೆಯಾಯಿತು. ಖಾಸಗಿ ಕೊರಿಯರ್‌ನವರು ಇದೇ ಪಿನ್ನುಗಳನ್ನು ತಮ್ಮ ತಮ್ಮ ಹಬ್‌ಗಳಿಗೆ ಹಂಚಿಕೊಂಡಿದ್ದಾರೆ. ಹಂಚಿಕೆ ಒಬ್ಬೊಬ್ಬರದು ಒಂದೊಂದು ಥರ. ಸಿಂಧನೂರಿಗೆ ಮಾನ್ವಿ ಮೇಲೆ ರಾಯಚೂರಿನಿಂದಲೂ ಬರಬಹುದು, ಸಿರುಗುಪ್ಪ ಮೇಲೆ ಬಳ್ಳಾರಿಯಿಂದಲೂ ಬರಬಹುದು. ದೂರ ಹೆಚ್ಚುಕಡಿಮೆ ಒಂದೇ. ಹೀಗೆ ಎರಡು ಕಡೆಯ ನಡುವೆ ಬೀಳುವ ಊರುಗಳ ಪಾರ್ಸೆಲ್ಲು ತಪ್ಪು ಚೀಲಕ್ಕೆ ಬೀಳುವ ಸಂಭವ ಜಾಸ್ತಿ.

ಚೀಲ ಅಂದೆನಲ್ಲ, ನಿಮ್ಮ ಕ್ಯಾಮೆರಾ ರಾಯಚೂರು ಮುಟ್ಟಿ ಮತ್ತೆ ಹೈದರಾಬಾದ್‌ಗೆ ಯಾಕೆ ಹೋಯಿತು ಅನ್ನುವುದಕ್ಕೂ ಬಹುಶಃ ಉತ್ತರ ಅಲ್ಲೇ ಇದೆ. ರಾಯಚೂರಿಗೆ ಬೆಂಗಳೂರು 400 ಕಿ.ಮೀ. ದೂರ, ಹೈದರಾಬಾದ್ ಅದರ ಅರ್ಧದಷ್ಟು. ಅದಕ್ಕೇ ಈ ಭಾಗದ ಸರಕು ಎಷ್ಟೋ ಸಲ ಹೈದರಾಬಾದ್ ಹಬ್ ಮೇಲೆ ಬರುತ್ತದೆ. ದೊಡ್ಡ ಹಬ್‌ನಲ್ಲಿ ಒಂದೇ ದಿಕ್ಕಿಗೆ ಹೋಗುವ ಪಾರ್ಸೆಲ್ಲುಗಳನ್ನೆಲ್ಲ ಒಂದು ದೊಡ್ಡ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಚೀಲಕ್ಕೇ ಒಂದು ಬಾರ್‌ಕೋಡ್ ಹಚ್ಚುತ್ತಾರೆ. ಅಲ್ಲಿಂದ ಮುಂದೆ ಸ್ಕ್ಯಾನ್ ಆಗುವುದು ಚೀಲ. ಒಳಗಿನ ನಿಮ್ಮ ಡಬ್ಬಿ ಸ್ಕ್ಯಾನ್ ಆಗುವುದು ಚೀಲ ಬಿಚ್ಚಿದಾಗಲೇ. ಟ್ರ್ಯಾಕಿಂಗ್ ಎರಡು ದಿನ ಮಾತೇ ಆಡದಿದ್ದರೆ ಕಳೆದೇ ಹೋಯಿತು ಅಂತ ಜನ ಗಾಬರಿಯಾಗುತ್ತಾರೆ. ಅದು ಬಹಳ ಸಲ ಚೀಲದೊಳಗೆ ಸುಮ್ನೆ ಕೂತಿರುತ್ತದೆ. ರಾಯಚೂರಿನಲ್ಲಿ ಬಿಚ್ಚಿದ ಮೇಲೆ ಕೈತಪ್ಪಿ ವಾಪಸ್ ಹೋಗುವ ಚೀಲಕ್ಕೆ ಬಿದ್ದರೆ ಹೈದರಾಬಾದ್‌ಗೆ ಹೋಗಿ ಮತ್ತೆ ಬರುತ್ತದೆ. ನಿಮ್ಮದು ನೋಡಿದರೆ ಹಾಗೇ ಆದಂತಿದೆ.

‘ಶಿಪ್ಡ್’ ಅನ್ನುವುದನ್ನೂ ಅಷ್ಟೇ ಎಚ್ಚರಿಕೆಯಿಂದ ಓದಬೇಕು. ಎಷ್ಟೋ ಕಡೆ ಅಡ್ರೆಸ್ ಲೇಬಲ್ ಪ್ರಿಂಟ್ ಆಗಿ ಕೊರಿಯರ್ ನಂಬರ್ ಹುಟ್ಟಿದ ಕೂಡಲೇ ಆ ಮೆಸೇಜ್ ಬಂದುಬಿಡುತ್ತದೆ. ಡಬ್ಬಿ ಇನ್ನೂ ಗೋದಾಮಿನ ಕಪಾಟಿನಲ್ಲೇ ಇರಬಹುದು. ಹೊಸದಾಗಿ ಬಿಡುಗಡೆಯಾದ ಮಾಲಿನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಮೊದಲ ಸ್ಟಾಕು ಕಡಿಮೆ ಇರುತ್ತದೆ, ಆರ್ಡರ್ ಮಾತ್ರ ಮೊದಲೇ ತಗೊಂಡಿರುತ್ತಾರೆ.

ಕ್ಯಾಮೆರಾಕ್ಕೆ ಇನ್ನೊಂದು ತೊಡಕಿದೆ, ಅದು ಬ್ಯಾಟರಿ. ಡಬ್ಬಿ ಬಂದಾಗ ಒಂದು ಬದಿ ನೋಡಿ: ಸುತ್ತ ಕೆಂಪು ಗೆರೆಗಳ ಅಂಚು, ನಡುವೆ ಬೆಂಕಿ ಹತ್ತಿದ ಬ್ಯಾಟರಿಯ ಚಿತ್ರ, ಕೆಳಗೆ ‘ಯುಎನ್ 3481’ ಅಂತ ನಂಬರ್. ಉಪಕರಣದ ಜೊತೆಗೆ ಲಿಥಿಯಂ ಅಯಾನ್ ಬ್ಯಾಟರಿ ಇದೆ ಅನ್ನುವುದಕ್ಕೆ ಅದು ಗುರುತು. ಬರೀ ಬ್ಯಾಟರಿ ಮಾತ್ರ ಇದ್ದರೆ ನಂಬರ್ 3480. ಪವರ್ ಬ್ಯಾಂಕ್ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ. ಬಿಡಿ ಬ್ಯಾಟರಿಗಳನ್ನು 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ. ಸರಕು ವಿಮಾನದಲ್ಲಿ ಹಾಕಿದರೂ ಚಾರ್ಜು ಶೇಕಡಾ 30ಕ್ಕಿಂತ ಜಾಸ್ತಿ ಇರಬಾರದು. ಈ ಕಟ್ಟುಪಾಡು ಬೇಡ ಅಂತ ಬಹಳ ಕೊರಿಯರ್‌ನವರು ಬ್ಯಾಟರಿ ಮಾಲನ್ನು ಲಾರಿಯಲ್ಲೇ ಕಳಿಸಿಬಿಡುತ್ತಾರೆ. ನೀವೇನಾದರೂ ಎರಡು ಎಕ್ಸ್‌ಟ್ರಾ ಬ್ಯಾಟರಿಯನ್ನೂ ಅದೇ ಆರ್ಡರ್‌ಗೆ ಸೇರಿಸಿದ್ದರೆ ಅವುಗಳಿಂದಲೇ ಕ್ಯಾಮೆರಾನೂ ನಿಧಾನ ಆಗಿರಬಹುದು. ಮುಂದೆ ಬಿಡಿ ಬ್ಯಾಟರಿಯನ್ನು ಬೇರೆ ಆರ್ಡರ್ ಆಗಿ ಹಾಕಿ.

50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ, ಬೇಕು. ಸಾಮಾನ್ಯ ಸರಕಿಗೆ ಅದರ ಅವಧಿ 200 ಕಿ.ಮೀ.ಗೆ ಒಂದು ದಿನದ ಲೆಕ್ಕ. ಅದರಲ್ಲಿ ತಪ್ಪಾದರೂ ಪಾರ್ಸೆಲ್ ನಿಲ್ಲುತ್ತದೆ, ಆದರೆ ನಿಮ್ಮದು ಚಲಿಸುತ್ತಲೇ ಇರುವುದರಿಂದ ಅದು ಕಾರಣ ಇರಲಾರದು.

ನಿನ್ನೆಯ ‘ಗ್ರಾಹಕರು ಸಿಗಲಿಲ್ಲ’ ವಿಷಯ. ಇದು ಎಲ್ಲಕ್ಕಿಂತ ಹೊಟ್ಟೆ ಉರಿಸುವಂಥದ್ದು. ನೀವು ಅಂಗಡಿಯಲ್ಲೇ ಕೂತಿದ್ದೀರಿ, ಸಿಗಲಿಲ್ಲ ಅಂತ ಬರೆದರು. ಡೆಲಿವರಿ ಹುಡುಗರಿಗೆ ಬಹಳ ಕಡೆ ಪ್ಯಾಕೆಟ್ ಲೆಕ್ಕದಲ್ಲಿ ಕೂಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಬೈಕಿಗೆ ಚೀಲ ಕಟ್ಟಿಕೊಂಡು ಪೇಟೆ, ಹಳ್ಳಿ, ಕಾಲುವೆ ಬಯಲಿನಲ್ಲಿ ಕ್ಯಾಂಪ್ ಅಂತ ಕರೆಯುವ ಸಣ್ಣ ವಸತಿಗಳು ಎಲ್ಲ ಸುತ್ತಬೇಕು. ಸಂಜೆ ಹೊತ್ತಿಗೆ ಪ್ಯಾಕೆಟ್ ಉಳಿದರೆ ಸಿಸ್ಟಮ್ ಒಂದು ಕಾರಣ ಕೇಳುತ್ತದೆ. ಪಟ್ಟಿಯಲ್ಲಿ ಸುಲಭವಾಗಿ ಕೈಗೆ ಸಿಗುವ ಕಾರಣ ‘ಗ್ರಾಹಕರು ಸಿಗಲಿಲ್ಲ’. ಆ ಹುಡುಗರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ನೀವು ಸುಮ್ನೆ ಬಿಟ್ಟರೆ ನಷ್ಟ ನಿಮಗೆ. ಸಾಮಾನ್ಯವಾಗಿ ಮೂರು ಸಲ ಹೀಗೆ ದಾಖಲಾದರೆ ಪಾರ್ಸೆಲ್ ವಾಪಸ್ ಹೊರಡುತ್ತದೆ. ನಿಮ್ಮ ಲೆಕ್ಕದಲ್ಲಿ ಈಗಾಗಲೇ ಒಂದು ಬಿದ್ದಿದೆ. ಹಾಗಾಗಿ ಇವತ್ತೇ ಆ್ಯಪ್‌ನ ಚಾಟ್‌ನಲ್ಲಿ ಇಷ್ಟು ಬರೆಯಿರಿ:

‘ಆರ್ಡರ್ ಮಾಡುವಾಗ ಕೊಟ್ಟ ಡೆಲಿವರಿ ತಾರೀಖು ಇಂಥದ್ದು, ಅದು ದಾಟಿದೆ. ನಿನ್ನೆ ಗ್ರಾಹಕರು ಸಿಗಲಿಲ್ಲ ಎಂದು ದಾಖಲಿಸಿದ್ದೀರಿ, ಅದು ಸುಳ್ಳು. ನನಗೆ ಯಾವ ಕರೆಯೂ ಬಂದಿಲ್ಲ, ಕರೆಗಳ ಪಟ್ಟಿ ಲಗತ್ತಿಸಿದ್ದೇನೆ. ಡೆಲಿವರಿ ಯತ್ನದ ದಾಖಲೆ ತೋರಿಸಿ. ಪಾರ್ಸೆಲ್ ವಾಪಸ್ ಕಳಿಸಬೇಡಿ. ಇಂಥ ತಾರೀಖಿನೊಳಗೆ ತಲುಪಿಸಿ, ಇಲ್ಲವಾದರೆ ಪೂರ್ತಿ ಹಣ ಹಿಂದಿರುಗಿಸಿ.’

ಇದರಲ್ಲಿ ನಿಮ್ಮದೇ ಒಂದು ಕೊನೆ ತಾರೀಖು ಇರಬೇಕು, ಮರೆಯಬೇಡಿ. ಮದುವೆಗೆ ಎರಡು ದಿನ ಮೊದಲಿನದನ್ನು ಹಾಕಿ. ಫೋನಿನಲ್ಲಿ ಎಷ್ಟೇ ಹೊತ್ತು ಮಾತಾಡಿದರೂ ಕೊನೆಗೆ ಉಳಿಯುವುದು ಬರೆದದ್ದು ಮಾತ್ರ. ಅವರು ‘24 ಗಂಟೆಯಲ್ಲಿ ಬಗೆಹರಿಸುತ್ತೇವೆ’ ಅಂದರೆ ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.

ನಾಳೆ ಬೆಳಿಗ್ಗೆ ಕೊರಿಯರ್ ನಂಬರ್ ಹಾಕಿ ಆ ಕೊರಿಯರ್‌ನದೇ ವೆಬ್‌ಸೈಟ್‌ನಲ್ಲಿ ನೋಡಿ. ಶಾಪಿಂಗ್ ಆ್ಯಪ್‌ಗಿಂತ ಅಲ್ಲಿ ವಿವರ ಜಾಸ್ತಿ ಇರುತ್ತದೆ, ಪಾರ್ಸೆಲ್ ಯಾವ ಬ್ರಾಂಚ್‌ನಲ್ಲಿದೆ ಅನ್ನುವುದೂ ಸಿಗಬಹುದು. ಸಿಂಧನೂರು ಬ್ರಾಂಚ್‌ಗೆ ಬಂದಿದ್ದರೆ ಗುರುತಿನ ಚೀಟಿ ಹಿಡಿದು ನೀವೇ ಹೋಗಿ. ನಮ್ಮ ಊರುಗಳಲ್ಲಿ ಜನ ಹೀಗೆ ಹೋಗಿ ತರುವುದು ಹೊಸದೇನಲ್ಲ, ಬ್ರಾಂಚಿನವರೂ ಸಾಮಾನ್ಯವಾಗಿ ಕೊಡುತ್ತಾರೆ. ರಾಯಚೂರಿನಲ್ಲೇ ಇದ್ದರೆ ಮೊದಲು ಫೋನ್ ಮಾಡಿ, ಇಟ್ಟಿರುತ್ತೇವೆ ಅಂತ ಹೇಳಿಸಿಕೊಂಡ ಮೇಲೆ ಬಸ್ ಹತ್ತಿ.

ಬ್ರಾಂಚ್‌ನ ಫೋನ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ. ಪಾರ್ಸೆಲ್ ತಡವಾಗಿ ಕಂಗಾಲಾದವರನ್ನೇ ಹಿಡಿಯಲು ಕಳ್ಳರು ಸುಳ್ಳು ಕಸ್ಟಮರ್ ಕೇರ್ ನಂಬರ್ ಹಾಕಿ ಕಾಯುತ್ತಿರುತ್ತಾರೆ. ‘ಅಡ್ರೆಸ್ ಸರಿ ಇಲ್ಲ, 5 ರೂಪಾಯಿ ಕಟ್ಟಿ’ ಅಂತ ಲಿಂಕ್ ಬಂದರೆ ಒತ್ತಬೇಡಿ. ‘ಡೆಲಿವರಿ ಬಾಯ್ ಜೊತೆ ಮಾತಾಡಲು *401* ಹಾಕಿ ಈ ನಂಬರ್ ಒತ್ತಿ’ ಅಂದರೆ ಒತ್ತಲೇಬೇಡಿ. ಅದು ನಿಮ್ಮ ಕರೆಗಳನ್ನೆಲ್ಲ ಅವರ ಫೋನಿಗೆ ತಿರುಗಿಸುವ ಕೋಡ್, ಆಮೇಲೆ ಬ್ಯಾಂಕಿನ ಒಟಿಪಿ ಕರೆಯೂ ಅವರಿಗೇ ಹೋಗುತ್ತದೆ. ದುಡ್ಡು ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ನಂಬರ್ ಬೇಕಾದರೆ ಕೊರಿಯರ್‌ನ ವೆಬ್‌ಸೈಟಿನಿಂದ, ಇಲ್ಲವೇ ಶಾಪಿಂಗ್ ಆ್ಯಪ್‌ನ ಒಳಗಿನಿಂದ ಮಾತ್ರ ತಗೊಳ್ಳಿ.

ಚಾಟ್‌ನಲ್ಲಿ ಕೆಲಸ ಆಗದಿದ್ದರೆ ಮುಂದಿನ ಮೆಟ್ಟಿಲು ಕುಂದುಕೊರತೆ ಅಧಿಕಾರಿ. ಪ್ರತಿ ಶಾಪಿಂಗ್ ತಾಣವೂ ಅಂಥ ಒಬ್ಬರನ್ನು ಇಟ್ಟು, ಅವರ ಹೆಸರು, ವಿಳಾಸ ಪ್ರಕಟಿಸಬೇಕು ಅಂತ ಅದೇ ನಿಯಮ ಹೇಳುತ್ತದೆ. ಬಹಳ ತಾಣಗಳಲ್ಲಿ ಅದು ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅಂತ ಅವರು ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಜೊತೆಗೆ 1915ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಖರ್ಚಿಲ್ಲ. ಅವರು ಕೋರ್ಟಿನ ಹಾಗೆ ಆದೇಶ ಮಾಡುವವರಲ್ಲ, ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ಚಾಟ್‌ನಲ್ಲಿ ಒಂದು ವಾರ ಅಲುಗಾಡದ ಎಷ್ಟೋ ವಿಷಯ ಅಷ್ಟಕ್ಕೇ ಅಲುಗಾಡಿದ್ದನ್ನು ನೋಡಿದ್ದೇನೆ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಮಾರಾಟಗಾರ ಗುರುಗ್ರಾಮದಲ್ಲಿದ್ದರೂ ನೀವು ಅಲ್ಲಿಗೆ ಹೋಗಬೇಕಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ರಾಯಚೂರಿನಲ್ಲೇ ದೂರು ಹಾಕಬಹುದು. 2019ರ ಕಾಯ್ದೆ ತಂದ ಬಹಳ ಒಳ್ಳೆಯ ಬದಲಾವಣೆ ಇದು. 5 ಲಕ್ಷದವರೆಗಿನ ಖರೀದಿಗೆ ಫೀ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಲು ಬರುತ್ತದೆ.

ಇಲ್ಲಿ ನಿಮ್ಮಂಥವರಿಗೆ ಎದುರು ಪಾರ್ಟಿ ಒಂದು ತಕರಾರು ತೆಗೆಯುವುದುಂಟು: ‘ಇವರು ವ್ಯಾಪಾರಕ್ಕೆ ಕೊಂಡಿದ್ದಾರೆ, ಇವರು ಗ್ರಾಹಕರೇ ಅಲ್ಲ.’ ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತ ಕೊಂಡ ವಸ್ತು ವ್ಯಾಪಾರದ ಖರೀದಿ ಆಗುವುದಿಲ್ಲ ಅಂತ ಕಾಯ್ದೆಯ ವಿವರಣೆಯಲ್ಲೇ ಇದೆ. ನೀವೇ ಕ್ಯಾಮೆರಾ ಹಿಡಿದು ನೀವೇ ಮದುವೆ ಶೂಟ್ ಮಾಡುವವರು. ದೂರಿನ ಮೊದಲ ಪ್ಯಾರಾದಲ್ಲೇ ಅದನ್ನು ಬರೆಯಿರಿ.

ಆದರೆ ಕಾರಟಗಿಯ ಮದುವೆ ಆರ್ಡರ್ ತಪ್ಪಿದರೆ ಆ ನಷ್ಟ ಸಿಗುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ಮಾತು ತಪ್ಪಿದರೆ ಸಹಜವಾಗಿ ಆಗುವ ನಷ್ಟಕ್ಕೆ, ಇಲ್ಲವೇ ಒಪ್ಪಂದದ ಹೊತ್ತಿಗೇ ಇಬ್ಬರಿಗೂ ಗೊತ್ತಿದ್ದ ನಷ್ಟಕ್ಕೆ ಪರಿಹಾರ. ನಿಮ್ಮ ಕೈಯಲ್ಲಿ ಇಂಥ ದಿನ ಮದುವೆ ಇದೆ ಅಂತ ಮಾರಾಟಗಾರನಿಗೆ ಗೊತ್ತಿರಲಿಲ್ಲ ಅಲ್ವಾ? ಕ್ಯಾಮೆರಾದ ದುಡ್ಡು, ಓಡಾಟದ ಖರ್ಚು, ಮನಸ್ಸಿಗಾದ ಕಿರಿಕಿರಿಗೆ ಪರಿಹಾರ ಕೇಳಬಹುದು. ಮದುವೆಯ ಪೂರ್ತಿ ದುಡ್ಡು ಸಿಗುವುದು ಕಷ್ಟ.

ಅದಕ್ಕೇ ಮದುವೆಯನ್ನು ಈ ಪಾರ್ಸೆಲ್ಲಿಗೆ ಕಟ್ಟಿಹಾಕಬೇಡಿ. ಇವತ್ತೇ ಗೆಳೆಯರಲ್ಲಿ, ಇಲ್ಲವೇ ಬಾಡಿಗೆಗೆ ಒಂದು ಕ್ಯಾಮೆರಾ ಬಾಡಿ, ಲೆನ್ಸ್ ಮಾತಾಡಿ ಇಡಿ. ಗಂಗಾವತಿಯಲ್ಲೋ ಬಳ್ಳಾರಿಯಲ್ಲೋ ಪರಿಚಯದ ಸ್ಟುಡಿಯೋದವರು ಇದ್ದೇ ಇರುತ್ತಾರೆ. ಬಾಡಿಗೆ ಹೋದರೆ ಹೋಗಲಿ. ಮದುಮಗಳ ಮನೆಯವರಿಗೆ ಆ ದಿನ ಎರಡನೇ ಸಲ ಬರುವುದಿಲ್ಲ. ಅಲ್ಲದೆ ಕ್ಯಾಮೆರಾ ಹಿಂದಿನ ದಿನ ಬಂದರೂ, ಕೈಗೆ ಒಗ್ಗದ ಹೊಸ ಕ್ಯಾಮೆರಾದಲ್ಲಿ ಮುಹೂರ್ತ ತೆಗೆಯುವುದು ನನಗಂತೂ ಸರಿ ಕಾಣುವುದಿಲ್ಲ.

ನೀವು ಹಾಕಿದ ಕೊನೆ ತಾರೀಖು ದಾಟಿದರೆ ಆಗ ರಿಫಂಡ್ ಕೇಳಿ. ದುಡ್ಡು ಬಿಡದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ‘ಸರಕು ತಲುಪಿಲ್ಲ’ ಅಂತ ಡಿಸ್ಪ್ಯೂಟ್ ಹಾಕಿ. ಅದಕ್ಕೆ ದಿನಗಳ ಮಿತಿ ಇರುತ್ತದೆ, ತಡಮಾಡಬೇಡಿ. ಇನ್ನೊಂದು, ರಿಫಂಡ್ ಕಾರ್ಡಿಗೆ ಬಂದ ಮಾತ್ರಕ್ಕೆ ಇಎಂಐ ತಾನಾಗಿ ಮುಚ್ಚುತ್ತದೆ ಅಂತ ನಂಬಬೇಡಿ. ಬ್ಯಾಂಕಿಗೆ ಫೋನ್ ಮಾಡಿ ಇಎಂಐ ರದ್ದಾಯಿತಾ ಅಂತ ಖಾತ್ರಿ ಮಾಡಿಕೊಳ್ಳಿ. ‘ನೋ ಕಾಸ್ಟ್’, ಅಂದರೆ ಬಡ್ಡಿಯ ಹೊರೆ ಇಲ್ಲದ ಇಎಂಐ ಅಂತಿದ್ದರೂ, ಬ್ಯಾಂಕಿನ ಲೆಕ್ಕದಲ್ಲಿ ಬರುವ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ ಬ್ಯಾಂಕ್ ಹಾಕುತ್ತದೆ, ಅಷ್ಟರಲ್ಲಿ ಬಿದ್ದಿರುವ ಬಡ್ಡಿ, ತೆರಿಗೆಯನ್ನೂ ರಿಫಂಡ್‌ನಲ್ಲಿ ಸೇರಿಸಿ ಕೇಳಿ.

ಪಾರ್ಸೆಲ್ ಬಂದೇ ಬಂತು ಅಂದುಕೊಳ್ಳಿ. ಇಷ್ಟು ಹಬ್ ಸುತ್ತಿದ ಡಬ್ಬಿಯನ್ನು ಎಷ್ಟೋ ಕೈಗಳು ಎತ್ತಿ ಇಳಿಸಿರುತ್ತವೆ. ಡಬ್ಬಿ ಕಣ್ಣ ಮುಂದೆ ಇಲ್ಲದೆ ಒಟಿಪಿ ಹೇಳಬೇಡಿ. ಓಪನ್ ಬಾಕ್ಸ್ ಡೆಲಿವರಿ (ಹುಡುಗನ ಎದುರಿಗೇ ಡಬ್ಬಿ ಬಿಚ್ಚಿ ತೋರಿಸುವುದು) ಇದ್ದರೆ ಒಳಗೆ ನೋಡಿಯೇ ಹೇಳಿ. ಟೇಪ್ ಕತ್ತರಿಸುವುದರಿಂದ ಹಿಡಿದು ಕ್ಯಾಮೆರಾ ಆನ್ ಆಗುವವರೆಗೆ ನಿಲ್ಲಿಸದೆ ವಿಡಿಯೋ ಮಾಡಿ, ಅಡ್ರೆಸ್ ಲೇಬಲ್ ಅದರಲ್ಲಿ ಕಾಣಬೇಕು. ಬಾಡಿಯ ಕೆಳಗಿನ ಸೀರಿಯಲ್ ನಂಬರ್, ಡಬ್ಬಿಯ ಮೇಲಿನದು, ಬಿಲ್ಲಿನಲ್ಲಿ ಬರೆದಿದ್ದರೆ ಅದು, ಎಲ್ಲ ಒಂದೇ ಇದೆಯಾ ನೋಡಿ. ವಾರಂಟಿ ಸಾಮಾನ್ಯವಾಗಿ ಬಿಲ್ಲಿನ ತಾರೀಖಿನಿಂದ ಲೆಕ್ಕ, ಕೈಗೆ ಬಂದ ದಿನದಿಂದ ಅಲ್ಲ. ನಿಮ್ಮ ಎರಡು ವಾರ ಆಗಲೇ ಹೋಗಿದೆ. ಡೆಲಿವರಿ ತಾರೀಖಿನ ಸಾಕ್ಷಿ ಕಳಿಸಿ, ಅಲ್ಲಿಂದ ಲೆಕ್ಕ ಹಾಕಿ ಅಂತ ಕಂಪನಿಯ ಸರ್ವೀಸ್‌ನವರಿಗೆ ಒಂದು ಇಮೇಲ್ ಹಾಕಿ ನೋಡಿ.

ಮುಂದಿನ ಸಲ ಅಡ್ರೆಸ್ ಬರೆಯುವಾಗ ಸ್ಟುಡಿಯೋ ಹೆಸರು, ಎದುರಿಗೆ ಏನಿದೆ, ಯಾವ ಸರ್ಕಲ್‌ನಿಂದ ಯಾವ ಕಡೆ ಅನ್ನುವುದನ್ನು ಹಾಕಿ, ಎರಡನೇ ಫೋನ್ ನಂಬರನ್ನೂ ಕೊಡಿ. ಕ್ಯಾಂಪ್‌ಗಳಲ್ಲಿ ಇರುವ ಓದುಗರಿಗೆ ಇದು ಇನ್ನೂ ಮುಖ್ಯ. ಮನೆ ನಂಬರ್ ಇರುವುದಿಲ್ಲ, ಕ್ಯಾಂಪಿನ ಹೆಸರು ಮ್ಯಾಪ್‌ನಲ್ಲಿ ಸಿಗುವುದಿಲ್ಲ. ಅಂಥವರು ಪೇಟೆಯಲ್ಲಿರುವ ಗುರುತಿನ ಅಂಗಡಿಯ ವಿಳಾಸ ಕೊಡುವುದು ಒಳ್ಳೆಯದು. ಮತ್ತೆ, ಇಂಥ ದಿನಕ್ಕೇ ಬೇಕು ಅನ್ನುವ ವಸ್ತುವನ್ನು, ಎರಡು ಮೂರು ಸಾವಿರ ಜಾಸ್ತಿಯಾದರೂ, ರಾಯಚೂರು, ಬಳ್ಳಾರಿ ಅಥವಾ ಹುಬ್ಬಳ್ಳಿಯ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ. ನಾಳೆ ಬ್ರಾಂಚ್‌ನವರು ಏನಂದರು ಅಂತ ಬರೆಯಿರಿ, ಆಯೋಗಕ್ಕೆ ಹೋಗುವ ಹಾಗಾದರೆ ದೂರಿನ ಕರಡು ಮಾಡಲು ನಾನು ಜೊತೆಗಿರುತ್ತೇನೆ.